ಪಾಸ್‌ವರ್ಡ್‌ಗೆ ಅರವತ್ತು ದಾಟಿತು: ಕದ್ದವರು ಯಾರು, ಬೈಸಿಕೊಂಡವರು ಯಾರು?

ಭಾಗ 1/9: ಬೈದವರಲ್ಲಿ ನಾನೂ ಒಬ್ಬ

ಈ ಸಲದ ಸರಣಿ ಸ್ವಲ್ಪ ಉದ್ದ ಇದೆ. ಸೇವ್ ಮಾಡಿಟ್ಕೊಂಡು ಬಸ್ಸಲ್ಲಿ ಓದಿ. ಬರೆಯೋಕೆ ಕಾರಣ ಒಂದು ತಪ್ಪು, ಅದೂ ನನ್ನದೇ.

ಹೋದ ತಿಂಗಳು ನಮ್ಮ ಕ್ಲಾಸಿನ ಒಬ್ಬ ಗೆಳೆಯನಿಗೆ ಫೋನ್ ಬಂತು. (ಅವನನ್ನ ಕೇಳಿಯೇ ಬರೀತಿದ್ದೀನಿ, ಹೆಸರು ಹಾಕಲ್ಲ.) ಆ ಕಡೆಯವರು ಚೆನ್ನಾಗಿ ಕನ್ನಡದಲ್ಲೇ ಮಾತಾಡಿದ್ರು. "ನಿಮ್ಮ ಕೆವೈಸಿ ಇವತ್ತಿಗೆ ಮುಗೀತಿದೆ, ಅಕೌಂಟ್ ಬ್ಲಾಕ್ ಆಗುತ್ತೆ" ಅಂದ್ರು. ಇವನಿಗೆ ಮಾರನೇ ದಿನವೇ ಫೀಸ್ ಕಟ್ಟಬೇಕಿತ್ತು. ಊರಿಂದ ಅಪ್ಪ ಅದಕ್ಕಂತಲೇ ದುಡ್ಡು ಹಾಕಿದ್ರು. ಗಾಬರಿಯಲ್ಲಿ ಬಂದ ಓಟಿಪಿ ಓದಿ ಹೇಳಿಬಿಟ್ಟ. ಎರಡು ನಿಮಿಷದಲ್ಲಿ ಅಕೌಂಟ್ ಖಾಲಿ.

ವಿಷಯ ಕ್ಲಾಸ್ ಗ್ರೂಪಿಗೆ ಬಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಓಟಿಪಿ ಯಾಕೋ ಹೇಳ್ದೆ? ಅಷ್ಟೂ ಗೊತ್ತಾಗಲ್ವಾ?" ನಾನೂ ಅದನ್ನೇ ಟೈಪ್ ಮಾಡಿದ್ದೆ, ಜೊತೆಗೆ ನಗೋ ಇಮೋಜಿ ಬೇರೆ. ಅವನು ನಾಲ್ಕು ದಿನ ಕಾಲೇಜಿಗೇ ಬರಲಿಲ್ಲ.

ಅದೇ ವಾರ ಕ್ಲಾಸಲ್ಲಿ ಚರ್ಚಾಸ್ಪರ್ಧೆ. ವಿಷಯ: "ಹೊಸ ತಂತ್ರಜ್ಞಾನ ಬೇಕಾ, ಭದ್ರತೆ ಬೇಕಾ?" ಅದಕ್ಕೆ ತಯಾರಿ ಮಾಡೋಣ ಅಂತ ಪಾಸ್‌ವರ್ಡ್‌ನ ಇತಿಹಾಸ ಓದೋಕೆ ಕೂತೆ. ಓದ್ತಾ ಓದ್ತಾ ನನಗೇ ನಾಚಿಕೆ ಆಯ್ತು. ಅರವತ್ತು ವರ್ಷದಿಂದ ಇದೇ ಕಥೆ ನಡೀತಾ ಬಂದಿದೆ. ಬೀಗ ಮಾಡಿದವರು ತಪ್ಪು ಮಾಡ್ತಾರೆ, ಬೈಸಿಕೊಳ್ಳೋನು ಮನೆಯವನು. ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಭಾಗ 2/9: ಒಂದು ಕಂಪ್ಯೂಟರ್, ಹತ್ತಾರು ಜನ

1960ರ ಸುಮಾರಿಗೆ ಕಂಪ್ಯೂಟರ್ ಅಂದ್ರೆ ಒಂದು ಇಡೀ ಕೋಣೆ. ಬೆಲೆ ಲಕ್ಷಾಂತರ ಡಾಲರ್. ವಿದ್ಯಾರ್ಥಿಗಳು ಪ್ರೋಗ್ರಾಮನ್ನ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟು, ಉತ್ತರಕ್ಕೆ ಗಂಟೆಗಟ್ಟಲೆ, ಕೆಲವು ಸಲ ಮಾರನೇ ದಿನದವರೆಗೆ ಕಾಯ್ತಿದ್ರು. ಒಂದು ಅಲ್ಪವಿರಾಮ ತಪ್ಪಿದ್ರೂ ಮತ್ತೆ ಮೊದಲಿಂದ.

ಅಮೆರಿಕದ ಎಂಐಟಿಯಲ್ಲಿದ್ದ ಫರ್ನಾಂಡೊ ಕಾರ್ಬಟೊ ಇದಕ್ಕೊಂದು ದಾರಿ ಹುಡುಕಿದ್ರು. ಯಂತ್ರ ಒಬ್ಬರ ಕೆಲಸವನ್ನ ಒಂದು ಕ್ಷಣ ಮಾಡಿ, ಮುಂದಿನವರ ಕೆಲಸಕ್ಕೆ ಹಾರಿ, ಮತ್ತೆ ಮೊದಲಿನವರ ಹತ್ರ ಬಂದ್ರೆ? ಅಷ್ಟು ವೇಗವಾಗಿ ಸುತ್ತಿದ್ರೆ ಪ್ರತಿಯೊಬ್ಬರಿಗೂ ಕಂಪ್ಯೂಟರ್ ತಮ್ಮೊಬ್ಬರದೇ ಅನ್ನಿಸುತ್ತೆ. ಹೋಟೆಲಲ್ಲಿ ಒಬ್ಬನೇ ಸಪ್ಲೈಯರ್ ಹತ್ತು ಟೇಬಲ್ ನೋಡ್ಕೊಳ್ತಾನಲ್ಲ, ಹಾಗೆ. ಈ ವ್ಯವಸ್ಥೆಯ ಹೆಸರು ಸಿಟಿಎಸ್ಎಸ್. ಮೊದಲ ಪ್ರದರ್ಶನ 1961ರ ನವೆಂಬರ್‌ನಲ್ಲಿ ಆಯ್ತು. ಇವತ್ತು ನಾವು "ಕ್ಲೌಡ್" ಅಂತ ಕರೆಯೋದರ ಅಜ್ಜ ಅಂದ್ರೂ ನಡೆಯುತ್ತೆ.

ಆದ್ರೆ ಎಲ್ಲರ ಫೈಲೂ ಒಂದೇ ಯಂತ್ರದಲ್ಲಿತ್ತು. ಒಬ್ಬರ ಲೆಕ್ಕ ಇನ್ನೊಬ್ಬರು ತೆಗೆದು ನೋಡಬಾರದು, ಒಬ್ಬರಿಗೆ ಕೊಟ್ಟ ಸಮಯ ಇನ್ನೊಬ್ಬರು ಬಳಸಬಾರದು. ಕಾರ್ಬಟೊ ತಂಡ ಸರಳವಾದ ಬೀಗ ಹಾಕಿತು: ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದ. ಕೋಟೆ ಬಾಗಿಲಲ್ಲಿ ಕಾವಲುಗಾರ ಕೇಳ್ತಿದ್ದ ಗುರುತಿನ ಮಾತು ಕಂಪ್ಯೂಟರಿಗೆ ಬಂದಿದ್ದು ಹೀಗೆ.

ಇಲ್ಲೊಂದು ವಿಷಯ ಗಮನಿಸಿ. ಹಂಚಿಕೊಳ್ಳುವ ಕಂಪ್ಯೂಟರ್ ಅನ್ನೋ ಹೊಸ ಆವಿಷ್ಕಾರ ಬಂದಿದ್ದಕ್ಕೇ ಬೀಗ ಬೇಕಾಯ್ತು. ಬೀಗ ಇದ್ದಿದ್ದಕ್ಕೇ ಜನ ನಂಬಿ ಹಂಚಿಕೊಂಡ್ರು. ಅಂದ್ರೆ ಆವಿಷ್ಕಾರ, ಭದ್ರತೆ ಎರಡೂ ಒಟ್ಟಿಗೆ ಹುಟ್ಟಿದವು. ನಮ್ಮ ಚರ್ಚಾಸ್ಪರ್ಧೆಯ ವಿಷಯವೇ ತಪ್ಪು ಅಂತ ನನಗೆ ಮೊದಲು ಅನ್ನಿಸಿದ್ದು ಇಲ್ಲಿ.

ಭಾಗ 3/9: ಮೊದಲ ಕಳ್ಳ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ

ಪಾಸ್‌ವರ್ಡ್ ಬಂದು ಹೆಚ್ಚು ದಿನ ಆಗಿರಲಿಲ್ಲ. 1962ರಲ್ಲೇ ಕದ್ದಾಯ್ತು.

ಕದ್ದವರು ಆಲನ್ ಷೆರ್, ಎಂಐಟಿಯಲ್ಲೇ ಸಂಶೋಧನೆ ಮಾಡ್ತಿದ್ದ ಹುಡುಗ. ಅವರಿಗೆ ವಾರಕ್ಕೆ ಸಿಗ್ತಿದ್ದಿದ್ದು ನಾಲ್ಕು ಗಂಟೆ ಕಂಪ್ಯೂಟರ್ ಸಮಯ. ಸಂಶೋಧನೆಗೆ ಅದು ಯಾವ ಮೂಲೆಗೂ ಸಾಲ್ತಿರಲಿಲ್ಲ. ಬೇರೆಯವರ ಖಾತೆಯಲ್ಲಿ ಉಳಿದಿರೋ ಸಮಯ ಬಳಸಿದ್ರೆ ಹೇಗೆ ಅಂತ ಯೋಚಿಸಿದ್ರು.

ಉಪಾಯ ಎಷ್ಟು ಸುಲಭ ಗೊತ್ತಾ? ಯಾವ ಫೈಲನ್ನಾದ್ರೂ ಕಾಗದದ ಮೇಲೆ ಮುದ್ರಿಸಿ ಕೊಡಿ ಅಂತ ಕಾರ್ಡ್ ಹಾಕಿ ಕೇಳೋ ಸೌಲಭ್ಯ ಅಲ್ಲಿತ್ತು. ಷೆರ್ ಒಂದು ಶುಕ್ರವಾರ ರಾತ್ರಿ ಪಾಸ್‌ವರ್ಡ್ ಫೈಲಿನ ಹೆಸರು ಬರೆದು ಕಾರ್ಡ್ ಹಾಕಿದ್ರು. ಶನಿವಾರ ಬೆಳಿಗ್ಗೆ ಹೋದ್ರೆ ಎಲ್ಲರ ಪಾಸ್‌ವರ್ಡೂ ಅಚ್ಚಾಗಿ, ಪ್ರಿಂಟ್‌ಗಳನ್ನ ಇಡೋ ಜಾಗದಲ್ಲಿ ಕಾಯ್ತಾ ಇತ್ತು. ಯಾಕಂದ್ರೆ ಆ ಫೈಲಿನಲ್ಲಿ ಗುಟ್ಟಿನ ಪದಗಳನ್ನ ಇದ್ದ ಹಾಗೇ ಬರೆದಿಟ್ಟಿದ್ರು.

ತಾನೊಬ್ಬನೇ ಸಿಕ್ಕಿಬೀಳಬಾರದು ಅಂತ ಷೆರ್ ಆ ಪಟ್ಟಿಯನ್ನ ಇನ್ನೂ ಕೆಲವರಿಗೆ ಹಂಚಿದ್ರಂತೆ. ಮುಂದೆ ಇಂಟರ್‌ನೆಟ್ಟಿನ ಕನಸು ಕಂಡವರಲ್ಲಿ ಒಬ್ಬರು ಅಂತ ಹೆಸರಾದ ಲಿಕ್‌ಲೈಡರ್ ಅವರಲ್ಲೊಬ್ಬರು. ಅವರು ನಿರ್ದೇಶಕರ ಖಾತೆಗೇ ನುಗ್ಗಿ ಕೀಟಲೆ ಸಂದೇಶ ಬಿಟ್ಟು ಬರ್ತಿದ್ರು ಅಂತ ಷೆರ್ ಹೇಳಿಕೊಂಡಿದ್ದಾರೆ. ಈ ಕಳ್ಳತನ ಹೊರಗೆ ಬಂದಿದ್ದು ಸುಮಾರು 25 ವರ್ಷ ಆದ ಮೇಲೆ, ಷೆರ್ ತಾವಾಗೇ ಒಪ್ಪಿಕೊಂಡಾಗ.

ಈಗ ಹೇಳಿ. ಪಾಸ್‌ವರ್ಡ್ ಕಳ್ಕೊಂಡ ಆ ಎಂಐಟಿ ಮಂದಿ ಯಾರಿಗೂ ಏನನ್ನೂ ಹೇಳಿರಲಿಲ್ಲ, ಯಾವ ನಿರ್ಲಕ್ಷ್ಯವನ್ನೂ ಮಾಡಿರಲಿಲ್ಲ. ಅವರ ಬೀಗದ ಕೈಯನ್ನ ವ್ಯವಸ್ಥೆಯೇ ಅಚ್ಚು ಹಾಕಿ ಕೊಟ್ಟಿತ್ತು.

ಭಾಗ 4/9: ರಾಗಿ ಬೀಸಿದ ಹಾಗೆ

ನಾಲ್ಕು ವರ್ಷ ಕಳೀತು. 1966ರಲ್ಲಿ ಅದೇ ಸಿಟಿಎಸ್ಎಸ್‌ನಲ್ಲಿ ಇನ್ನೊಂದು ಎಡವಟ್ಟು. ಲಾಗಿನ್ ಆದವರಿಗೆಲ್ಲ "ಇವತ್ತಿನ ಸೂಚನೆ" ಅಂತ ಒಂದು ಸಂದೇಶ ಕಾಣ್ತಿತ್ತು. ಒಂದು ದಿನ ಮಧ್ಯಾಹ್ನ ಆ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಸಾಲಾಗಿ ಬಂತು!

ಯಾರೂ ಒಳಗೆ ನುಗ್ಗಿರಲಿಲ್ಲ. ಇಬ್ಬರು ನಿರ್ವಾಹಕರು ಒಂದೇ ಹೊತ್ತಿಗೆ ಕೆಲಸ ಮಾಡ್ತಿದ್ರು. ಒಬ್ಬರು ಸೂಚನೆ ತಿದ್ದುತ್ತಿದ್ರು, ಇನ್ನೊಬ್ಬರು ಪಾಸ್‌ವರ್ಡ್ ಫೈಲು. ಎಡಿಟರ್ ಪ್ರೋಗ್ರಾಂ ಇಬ್ಬರ ತಾತ್ಕಾಲಿಕ ಫೈಲಿಗೂ ಒಂದೇ ಹೆಸರು ಇಟ್ಟಿತ್ತು. ಉಳಿಸುವಾಗ ಫೈಲುಗಳು ಅದಲು ಬದಲಾದವು. ಕಾರ್ಬಟೊ 1990ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಈ ಘಟನೆಯನ್ನ ತಾವೇ ಹೇಳಿಕೊಂಡ್ರು. ತಮ್ಮ ತಪ್ಪನ್ನ ಅಷ್ಟು ದೊಡ್ಡ ವೇದಿಕೆಯಲ್ಲಿ ಹೇಳಿದ್ದು ನನಗೆ ಬಹಳ ಹಿಡಿಸ್ತು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ರೋಜರ್ ನೀಡಮ್ ಒಂದು ಪ್ರಶ್ನೆ ಕೇಳಿದ್ರು: ಕಂಪ್ಯೂಟರಿಗೆ ಪಾಸ್‌ವರ್ಡ್ ಗೊತ್ತಿರಲೇಬೇಕಾ?

ಇದನ್ನ ನಮ್ಮ ಕಡೆ ಭಾಷೆಯಲ್ಲಿ ಹೇಳೋದಾದ್ರೆ, ರಾಗಿ ಬೀಸಿ ಹಿಟ್ಟು ಮಾಡಬಹುದು, ಹಿಟ್ಟಿಂದ ರಾಗಿ ಕಾಳು ಮಾಡೋಕಾಗಲ್ಲ. ಪಾಸ್‌ವರ್ಡನ್ನ ಹಾಗೆ ಗಣಿತದಲ್ಲಿ ಬೀಸಿ, ಬಂದ ಹಿಟ್ಟನ್ನ ಮಾತ್ರ ಕಂಪ್ಯೂಟರ್ ಇಟ್ಕೊಳ್ಳುತ್ತೆ. ನೀವು ಮತ್ತೆ ಲಾಗಿನ್ ಆದಾಗ ನೀವು ಟೈಪ್ ಮಾಡಿದ್ದನ್ನ ಮತ್ತೆ ಬೀಸಿ, ಹಳೇ ಹಿಟ್ಟಿಗೆ ಹೋಲಿಸುತ್ತೆ. ಸರಿಹೊಂದಿದ್ರೆ ಬಾಗಿಲು ತೆಗೆಯುತ್ತೆ. ಕಳ್ಳನಿಗೆ ಫೈಲ್ ಸಿಕ್ಕಿದ್ರೂ ಸಿಗೋದು ಬರೀ ಹಿಟ್ಟು. ಇದನ್ನೇ ಇವತ್ತು ಹ್ಯಾಶಿಂಗ್ ಅಂತಾರೆ.

ಹೊಸ ಯೋಚನೆ ಬಂದಿದ್ದು ಭದ್ರತೆಯ ಅಗತ್ಯದಿಂದ. ಇದನ್ನ ನೆನಪಿಟ್ಕೊಳ್ಳಿ.

ಭಾಗ 5/9: 3,289 ಪಾಸ್‌ವರ್ಡ್, ಒಂದು ಚಿಟಿಕೆ ಉಪ್ಪು

ಹಿಟ್ಟಿಂದ ಕಾಳು ಮಾಡೋಕಾಗಲ್ಲ, ನಿಜ. ಆದ್ರೆ ಕಳ್ಳ ಇನ್ನೊಂದು ಕೆಲಸ ಮಾಡಬಹುದು. ಜನ ಇಟ್ಕೊಳ್ಳಬಹುದಾದ ಪದಗಳನ್ನೆಲ್ಲ ತಾನೇ ಬೀಸಿ, ಯಾವ ಹಿಟ್ಟು ಹೊಂದುತ್ತೆ ಅಂತ ನೋಡಬಹುದು.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ ಇದನ್ನ ಪರೀಕ್ಷೆ ಮಾಡಿದ್ರು. ಯುನಿಕ್ಸ್ ಕಟ್ಟಿದವರಲ್ಲಿ ಥಾಂಪ್ಸನ್ ಮುಖ್ಯರು. ನಮ್ಮ ಫೋನಿನ ಆಂಡ್ರಾಯ್ಡ್‌ವರೆಗೂ ಅದರ ವಂಶ ಹರಿದು ಬಂದಿದೆ. 1979ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ 3,289 ನಿಜವಾದ ಪಾಸ್‌ವರ್ಡ್‌ಗಳ ಲೆಕ್ಕ ಇದೆ. ಅದರಲ್ಲಿ 15 ಜನರ ಪಾಸ್‌ವರ್ಡ್ ಒಂದೇ ಒಂದು ಅಕ್ಷರ! 72 ಜನರದ್ದು ಎರಡು ಅಕ್ಷರ. ಒಟ್ಟು 2,831 ಪಾಸ್‌ವರ್ಡ್, ಅಂದ್ರೆ ನೂರಕ್ಕೆ 86, ತೀರಾ ಚಿಕ್ಕವು ಅಥವಾ ಪಟ್ಟಿಗಳಲ್ಲಿ ಹುಡುಕಿದ್ರೆ ಸಿಗುವಂಥವು.

ಇವರು ಸಾಮಾನ್ಯ ಜನ ಆಗಿರಲಿಲ್ಲ, ಆ ಕಾಲದಲ್ಲೇ ಕಂಪ್ಯೂಟರ್ ಬಳಸ್ತಿದ್ದವರು. ಹಾಗಾದ್ರೆ "ಅಷ್ಟೂ ಗೊತ್ತಾಗಲ್ವಾ" ಅಂತ ಅವರನ್ನ ಬೈಯಬಹುದಿತ್ತು. ಮೋರಿಸ್ ಮತ್ತು ಥಾಂಪ್ಸನ್ ಜನರನ್ನ ಬೈದು ಸುಮ್ಮನಾಗಲಿಲ್ಲ. ವ್ಯವಸ್ಥೆಯನ್ನೇ ತಿದ್ದಿದ್ರು. ಮೊದಲು, ಬೀಸೋದನ್ನ ಬೇಕಂತಲೇ ನಿಧಾನ ಮಾಡಿದ್ರು. ಒಂದು ಸಲ ಲಾಗಿನ್ ಆಗೋರಿಗೆ ಅದು ಗೊತ್ತೇ ಆಗಲ್ಲ, ಲಕ್ಷ ಸಲ ಊಹಿಸೋ ಕಳ್ಳನಿಗೆ ಮಾತ್ರ ಕಷ್ಟ. ಆಮೇಲೆ, ಬೀಸುವ ಮೊದಲು ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ "ಉಪ್ಪು" ಸೇರಿಸಿದ್ರು. ಅದರ ಹೆಸರೇ ಸಾಲ್ಟ್. ಉಪ್ಪಿನಲ್ಲಿ 4,096 ಬಗೆ. ಹಾಗಾಗಿ ಇಬ್ಬರ ಪಾಸ್‌ವರ್ಡ್ ಒಂದೇ ಇದ್ರೂ ಹಿಟ್ಟು ಬೇರೆ ಬೇರೆ ಆಗುತ್ತೆ. ಕಳ್ಳ ಒಂದು ಸಲ ಬೀಸಿಟ್ಟುಕೊಂಡು ಎಲ್ಲರ ಮನೆಗೂ ಹೋಗೋಕಾಗಲ್ಲ.

ಮನುಷ್ಯ ಮರೀತಾನೆ, ಸುಲಭದ್ದನ್ನೇ ಹುಡುಕ್ತಾನೆ ಅಂತ ಒಪ್ಪಿಕೊಂಡು ಬೀಗ ಮಾಡೋದು. ಇದು ನನಗೆ ಸಿಕ್ಕ ಮೊದಲ ಒಳ್ಳೆ ಪಾಠ.

ಭಾಗ 6/9: ಅಪ್ಪ ಬೀಗ ಮಾಡಿದ, ಮಗ ಮುರಿದ

ಇದು ಸಿನಿಮಾ ಕಥೆ ಅನ್ಸುತ್ತೆ, ಆದ್ರೆ ನಿಜ.

1988ರ ನವೆಂಬರ್ 2. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ಸಂಶೋಧನಾ ಕೇಂದ್ರಗಳಲ್ಲಿ ಕಂಪ್ಯೂಟರ್‌ಗಳು ಒಂದೊಂದಾಗಿ ಏದುಸಿರು ಬಿಡೋಕೆ ಶುರು ಮಾಡಿದವು. ಒಂದು ಪ್ರೋಗ್ರಾಂ ತಾನಾಗಿ ನಕಲು ಮಾಡ್ಕೊಂಡು ಯಂತ್ರದಿಂದ ಯಂತ್ರಕ್ಕೆ ಹರಡ್ತಿತ್ತು. ಅದನ್ನ ಬಿಟ್ಟಿದ್ದು ಕಾರ್ನೆಲ್ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮೋರಿಸ್. ಹೌದು, ಉಪ್ಪು ಸೇರಿಸಿದ ಮೋರಿಸ್ ಅವರ ಮಗ. ಅಪ್ಪ ಆಗ ಅಮೆರಿಕ ಸರ್ಕಾರದ ಕಂಪ್ಯೂಟರ್ ಭದ್ರತಾ ಕೇಂದ್ರದಲ್ಲಿ ದೊಡ್ಡ ವಿಜ್ಞಾನಿ.

ಆ ಹುಳ ಮೇಲ್ ಕಳಿಸುವ ತಂತ್ರಾಂಶದ ಲೋಪದಿಂದ ನುಗ್ತಿತ್ತು, ಇನ್ನೊಂದೆರಡು ಕಿಂಡಿಗಳಿಂದಲೂ ನುಗ್ತಿತ್ತು. ಜೊತೆಗೆ ಪಾಸ್‌ವರ್ಡ್ ಊಹಿಸ್ತಿತ್ತು: ಬಳಕೆದಾರರ ಹೆಸರು, ಹೆಸರನ್ನ ತಿರುಗಿಸಿ, ಆಮೇಲೆ ತನ್ನೊಳಗೇ ಇದ್ದ 432 ಪದಗಳ ಪಟ್ಟಿ. ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ನುಗ್ಗುವ ಹಾಗೆ ಬರೆದಿದ್ದರಿಂದ ಯಂತ್ರಗಳು ಕುಸಿದುಬಿದ್ದವು. ಆಗಿನ ಅಂದಾಜಿನ ಪ್ರಕಾರ ಇಂಟರ್‌ನೆಟ್ಟಿನಲ್ಲಿದ್ದ 60,000 ಕಂಪ್ಯೂಟರ್‌ಗಳಲ್ಲಿ 6,000 ಸಿಕ್ಕಿಬಿದ್ದವು.

ಮಗನಿಗೆ 3 ವರ್ಷ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡ. ಮುಂದೆ ಅವರೇ ಎಂಐಟಿಯಲ್ಲಿ ಪ್ರೊಫೆಸರ್ ಆದ್ರು.

ಆದ್ರೆ ಪೆಟ್ಟು ತಿಂದ ಮೇಲೆ ಏನಾಯ್ತು ಅನ್ನೋದು ಮುಖ್ಯ. ಕೆಲವೇ ವಾರಗಳಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಟ್ ಅನ್ನೋ ತುರ್ತು ತಂಡ ಹುಟ್ಟಿತು. ಲೋಪ ಕಂಡ್ರೆ ಯಾರಿಗೆ ಹೇಳಬೇಕು, ಎಲ್ಲರಿಗೂ ಹೇಗೆ ತಿಳಿಸಬೇಕು ಅನ್ನೋ ಪದ್ಧತಿ ಅಲ್ಲಿಂದ ಬೆಳೀತು. ಅದೇ ಮಾದರಿಯಲ್ಲಿ ನಮ್ಮ ದೇಶದ ಸರ್ಟ್-ಇನ್ 2004ರಲ್ಲಿ ಶುರುವಾಯ್ತು.

ಭಾಗ 7/9: "ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ"

ಈ ಸಾಲು ನೋಡಿ ಎಷ್ಟು ಸಲ ತಲೆ ಚಚ್ಕೊಂಡಿದ್ದೀರಿ? ಅದರ ಮೂಲ ಇಲ್ಲಿದೆ.

2003ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನಲ್ಲಿ ಬಿಲ್ ಬರ್ ಅನ್ನೋ ಅಧಿಕಾರಿಗೆ ಪಾಸ್‌ವರ್ಡ್ ನಿಯಮ ಬರೆಯೋ ಕೆಲಸ ಬಂತು. ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡ್ತಾರೆ ಅಂತ ನೋಡೋಕೆ ಮಾಹಿತಿ ಕೇಳಿದ್ರು, ಸಿಗಲಿಲ್ಲ. ಕೊನೆಗೆ 1980ರ ದಶಕದ ಒಂದು ಹಳೇ ವರದಿಯನ್ನ ಬಹುಪಾಲು ನಂಬಿಕೊಂಡು ಬರೆದ್ರು: ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಆಗಾಗ ಬದಲಾಯಿಸಿ. ಜಗತ್ತಿನ ಬ್ಯಾಂಕು, ಆಫೀಸು, ಕಾಲೇಜು ಎಲ್ಲ ಅದನ್ನೇ ನಕಲು ಹೊಡೆದವು.

ಜನ ಏನು ಮಾಡಿದ್ರು? ನಾವು ಮಾಡೋದನ್ನೇ. ಊರ ಹೆಸರು, @, 123. ಬದಲಾಯಿಸಿ ಅಂದ್ರೆ 124. ಊಹಿಸೋ ಯಂತ್ರಕ್ಕೆ ಇದು ಲೆಕ್ಕಕ್ಕೇ ಇಲ್ಲ, ಕಷ್ಟ ಆಗಿದ್ದು ನೆನಪಿಟ್ಕೊಳ್ಳೋ ಮನುಷ್ಯನಿಗೆ. ನಮ್ಮ ಅಜ್ಜಿ ಪೆನ್ಷನ್ ಎಟಿಎಂ ಪಿನ್ನನ್ನ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಕ್ಕೆ ನಾವೆಲ್ಲ ಬೈತಿದ್ವಿ. 2014ರ ಒಂದು ಸಂದರ್ಶನದಲ್ಲಿ ಪಾಸ್‌ವರ್ಡಿನ ಜನಕ ಕಾರ್ಬಟೊ ಅವರೇ ಇದೊಂದು ದುಃಸ್ವಪ್ನ ಆಗಿಬಿಟ್ಟಿದೆ ಅಂದ್ರು. ಅವರೂ ಹಾಳೆಯಲ್ಲಿ ಬರೆದಿಟ್ಕೊಂಡಿದ್ರು! ಅಜ್ಜಿ ಜೊತೆಗಿರೋರು ಎಂಥವರು ನೋಡಿ.

ಈ ಮಧ್ಯೆ ದೊಡ್ಡವರು ಏನು ಮಾಡ್ತಿದ್ರು? 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಅನ್ನೋ ಅಮೆರಿಕದ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿಹೋದವು. ಅವನ್ನ ಬೀಸದೆ, ಇದ್ದ ಹಾಗೇ ಇಟ್ಟಿದ್ರು. ನೀಡಮ್ ದಾರಿ ತೋರಿಸಿ ನಲವತ್ತು ವರ್ಷ ಆದ ಮೇಲೆ! ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಇಟ್ಟಿದ್ದ ಪಾಸ್‌ವರ್ಡ್ 123456. ಆವಾಗಲೂ ಜನ ನಕ್ಕಿದ್ದು 123456 ಇಟ್ಟವರನ್ನ ನೋಡಿ.

2017ರಲ್ಲಿ ನಿಸ್ಟ್ ಹೊಸ ನಿಯಮ ತಂತು: ಚಿಹ್ನೆ ಕಡ್ಡಾಯ ಬೇಡ, ಸೋರಿಕೆಯ ಸುಳಿವಿಲ್ಲದೆ ಸುಮ್ಮನೆ ಬದಲಾಯಿಸೋದು ಬೇಡ, ಉದ್ದ ಇರಲಿ, ಸೋರಿಹೋದ ಪಟ್ಟಿಯಲ್ಲಿದ್ರೆ ತಡೀರಿ. ನಿವೃತ್ತರಾಗಿದ್ದ ಬಿಲ್ ಬರ್ ಆ ವರ್ಷವೇ ಪತ್ರಿಕೆಯೊಂದಕ್ಕೆ ತಾವು ಬರೆದದ್ದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪ ಇದೆ ಅಂತ ಹೇಳಿದ್ರು.

ಭಾಗ 8/9: ಓಟಿಪಿ ನಮ್ಮ ಮನೆಗೆ ಬಂದಿದ್ದು

ಈಗ ನಮ್ಮ ದೇಶಕ್ಕೆ ಬರೋಣ. ಆನ್‌ಲೈನಲ್ಲಿ ಕಾರ್ಡ್ ಬಳಸುವಾಗ, ಕಾರ್ಡಿನ ಮೇಲೆ ಅಚ್ಚಾಗಿರದ ಇನ್ನೊಂದು ಗುರುತನ್ನೂ ಕೇಳಲೇಬೇಕು ಅಂತ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡ್ತು. ವ್ಯಾಪಾರಕ್ಕೆ ಅಡ್ಡಿ ಅಂತ ಗೊಣಗಿದವರು ಇದ್ರು. ಆದ್ರೆ ಕಾರ್ಡ್ ನಂಬರ್ ಕದ್ದವನು ಅಷ್ಟರಿಂದಲೇ ಇಲ್ಲಿ ಸಾಮಾನು ತರಿಸ್ಕೊಳ್ಳೋದು ಕಷ್ಟ ಆಯ್ತು. ಈ ಎರಡನೇ ಬೀಗವಾಗಿ ಓಟಿಪಿ ಮನೆಮಾತಾಯ್ತು. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ಫೋನು, ಸಿಮ್ಮು, ಪಿನ್ನು ಸೇರಿ ಬೀಗ ಆದವು. ಸೊಪ್ಪು ಮಾರೋ ಅಮ್ಮನ ತಳ್ಳುಗಾಡಿಗೂ ಕ್ಯೂಆರ್ ಅಂಟಿಕೊಂಡಿತು. ಬೀಗ ಗಟ್ಟಿ ಇದ್ದಿದ್ದಕ್ಕೇ ಜನ ನಂಬಿದ್ರು. ಎಂಐಟಿಯ ಕಥೆಯೇ ಮತ್ತೆ.

ಆದ್ರೆ ಓಟಿಪಿಗೆ ಹುಟ್ಟಿನಿಂದಲೇ ಒಂದು ದೋಷ ಇದೆ: ಬಾಯಲ್ಲಿ ಹೇಳಬಹುದು. ಕೇಳ್ತಿರೋನು ಬ್ಯಾಂಕಾ ಕಳ್ಳನಾ ಅಂತ ಆರು ಅಂಕಿಗೆ ಗೊತ್ತಾಗಲ್ಲ. ಅದನ್ನ ಗುರುತಿಸೋ ಇಡೀ ಭಾರ ಗಾಬರಿಯಲ್ಲಿರೋ ಮನುಷ್ಯನ ತಲೆ ಮೇಲೆ. ಬೇರೆಯವರು ನಕಲಿ ಸಿಮ್ ತಗೊಂಡ್ರೆ ಓಟಿಪಿ ಅವರಿಗೇ ಹೋಗುತ್ತೆ. ನಿಸ್ಟ್ 2017ರಲ್ಲೇ ಎಸ್ಎಂಎಸ್ ಓಟಿಪಿಯನ್ನ ನಿರ್ಬಂಧಿತ ಪಟ್ಟಿಗೆ ಹಾಕ್ತು.

ನಷ್ಟ ಯಾರದ್ದು? ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ಗ್ರಾಹಕ ಗುಟ್ಟನ್ನ ಹಂಚಿಕೊಂಡಿದ್ರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದ್ದೇ. ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ನಾಚಿಕೆಯಿಂದ ಬಾಯಿ ಮುಚ್ಕೊಂಡು ಕೂತರೆ ಏನಾಗುತ್ತೆ ಅಂತ ಈಗ ಗೊತ್ತಾಯ್ತಲ್ಲ? ನಮ್ಮ ನಗೋ ಇಮೋಜಿಗೂ ಒಂದು ಬೆಲೆ ಇದೆ.

2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಹೊರಡಿಸ್ತು, ಜಾರಿ 2026ರ ಏಪ್ರಿಲ್ 1ರಿಂದ. ಎಸ್ಎಂಎಸ್ ಓಟಿಪಿ ಒಂದನ್ನೇ ನೆಚ್ಚಿಕೊಳ್ಳದೆ ಬೇರೆ ದಾರಿಗಳಿಗೂ ಅವಕಾಶ ಇದೆ. ಈ ನಿಯಮ ಪಾಲಿಸದೆ ನಡೆದ ವಹಿವಾಟಿನಲ್ಲಿ ಗ್ರಾಹಕನಿಗೆ ನಷ್ಟ ಆದ್ರೆ, ತಕರಾರಿಲ್ಲದೆ ಪೂರ್ತಿ ತುಂಬಿಕೊಡಬೇಕು ಅಂತಲೂ ಇದೆ. ಬೀಗ ಮಾಡಿದವರನ್ನೂ ಪ್ರಶ್ನೆ ಕೇಳೋ ಸಾಲು ಅದು.

ಭಾಗ 9/9: ಹೇಳೋಕಾಗದ ಗುಟ್ಟು

2013ರಲ್ಲಿ ಫೈಡೋ ಅನ್ನೋ ಒಕ್ಕೂಟ ಪಾಸ್‌ವರ್ಡ್ ಇಲ್ಲದ ಲಾಗಿನ್‌ಗೆ ಅಂತ ಕೆಲಸ ಶುರು ಮಾಡ್ತು. 2022ರ ಮೇನಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಸೇರಿ ಅದನ್ನೇ ಎಲ್ಲ ಕಡೆ ತರ್ತೀವಿ ಅಂದವು. ಅದೇ ಪಾಸ್‌ಕೀ. ನಿಮ್ಮ ಫೋನಿನಲ್ಲಿ ಒಂದು ಗುಟ್ಟಿನ ಕೀಲಿ, ಸೈಟಿನ ಹತ್ರ ಅದಕ್ಕೆ ಜೋಡಿಯಾದ ಬಹಿರಂಗ ಕೀಲಿ. ಸೈಟ್ ಪ್ರತಿ ಸಲ ಹೊಸ ಸವಾಲು ಕಳಿಸುತ್ತೆ, ಫೋನ್ ಅದಕ್ಕೆ ಸಹಿ ಹಾಕುತ್ತೆ. ಗುಟ್ಟಿನ ಕೀಲಿಯನ್ನ ಸೈಟಿಗೆ ಕೊಡೋದೇ ಇಲ್ಲ. ಸೈಟಿನ ವಿಳಾಸ ನಕಲಿ ಆದ್ರೆ ಫೋನ್ ಸಹಿ ಹಾಕಲ್ಲ. ನಿಮಗೇ ಗೊತ್ತಿಲ್ಲದ ಗುಟ್ಟನ್ನ ಫೋನಲ್ಲಿ ಓದಿ ಹೇಳೋಕಾಗುತ್ತಾ?

ಇದಕ್ಕೂ ಕೊರತೆ ಇದೆ. ಫೋನ್ ಕಳೆದ್ರೆ ಮತ್ತೆ ಒಳಗೆ ಬರೋ ದಾರಿ ಸರಿಯಾಗಿರಬೇಕು. ಮನೆಗೆಲ್ಲ ಒಂದೇ ಫೋನ್ ಇರೋ ಕಡೆ "ಇದು ಯಾರ ಬೆರಳು" ಅನ್ನೋ ಪ್ರಶ್ನೆ ಬರುತ್ತೆ. ಹಳೇ ಫೋನಿನವರು ಹೊರಗೆ ಉಳೀತಾರೆ. ಕಳ್ಳರೂ ಸುಮ್ಮನೆ ಕೂರಲ್ಲ, ಹೊಸ ನೆಪ ಹುಡುಕ್ತಾರೆ. ಇದೂ ಕೊನೆಯ ಬೀಗ ಅಂತ ನಾನು ನಂಬಲ್ಲ.

ಚರ್ಚಾಸ್ಪರ್ಧೆಯಲ್ಲಿ ನಾನು ಯಾವ ಪಕ್ಷವನ್ನೂ ತಗೊಳ್ಳಲಿಲ್ಲ. ಬಹುಮಾನವೂ ಬರಲಿಲ್ಲ, ಬಿಡಿ. ಹೇಳಿದ್ದು ಇಷ್ಟೇ: ನೀಡಮ್ ಅವರ ಹಿಟ್ಟು, ಮೋರಿಸ್ ಅವರ ಉಪ್ಪು, ನಮ್ಮ ಎರಡನೇ ಬೀಗ, ಎಲ್ಲವೂ ಭದ್ರತೆಗಾಗಿ ಹುಟ್ಟಿದ ಹೊಸ ಆವಿಷ್ಕಾರಗಳೇ. ಅವು ಹುಟ್ಟಿದ್ದು "ಜನ ದಡ್ಡರು" ಅಂತ ಕೈ ತೊಳ್ಕೊಳ್ಳದೆ, "ಬೀಗ ಇನ್ನೂ ಚೆನ್ನಾಗಿರಬೇಕು" ಅಂದವರಿಂದ.

ಗೆಳೆಯನ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಮ್ಮ ಮಾತಿಗೆ ಹೆದರಿ ಅವನು ಎರಡು ದಿನ ಯಾರಿಗೂ ದೂರು ಕೊಟ್ಟಿರಲಿಲ್ಲ. ದುಡ್ಡು ಇನ್ನೂ ಬಂದಿಲ್ಲ. ಫೀಸಿಗೆ ಕ್ಲಾಸಿನವರೆಲ್ಲ ಸೇರಿ ಒಂದಿಷ್ಟು ಹಾಕಿದ್ವಿ, ಬಾಕಿಗೆ ಅವರಪ್ಪ ಸಾಲ ತಂದ್ರು.

ಮುಂದಿನ ಸಲ ನಿಮ್ಮ ಮನೆಯಲ್ಲಿ, ರೂಮಲ್ಲಿ ಯಾರಿಗಾದ್ರೂ ಹೀಗಾದ್ರೆ "ಯಾಕೋ ಹೇಳ್ದೆ" ಅನ್ನೋದು ಆಮೇಲೆ ಇರಲಿ. ಮೊದಲು ಅವರ ಕೈಯಿಂದ 1930ಕ್ಕೆ ಫೋನ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ. ನಿಮಿಷಗಳ ಲೆಕ್ಕ ಅದು. ಇವತ್ತು ಸಂಜೆ ಅಪ್ಪ ಅಮ್ಮ ಅಜ್ಜಿ ಜೊತೆ ಕೂತು ಈ ನಂಬರನ್ನ ಅವರ ಫೋನಲ್ಲಿ ಸೇವ್ ಮಾಡಿಕೊಡಿ. ನಮ್ಮ ಅಜ್ಜಿ ಅದನ್ನೂ ಕ್ಯಾಲೆಂಡರ್ ಹಿಂದೆ ಬರ್ಕೊಂಡ್ರು. ಈ ಸಲ ಯಾರೂ ಬೈಯಲಿಲ್ಲ.

#ಕನ್ನಡದಲ್ಲಿಇತಿಹಾಸ #ಪಾಸ್‌ವರ್ಡ್‌ಕಥೆ #ಸೈಬರ್‌ಭದ್ರತೆ #1930